ಪ್ರೋಟಾನ್ ದಾಟುವ ಪಿಂಗಾಣಿ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಮಳೆಗಾಲದಲ್ಲಿ ಲಿಂಗನಮಕ್ಕಿ ತುಂಬಿ ಗೇಟು ತೆಗೆದರೆ ಜೋಗದಲ್ಲಿ ಜನಜಾತ್ರೆ. ಬೇಸಿಗೆ ಬಂತೆಂದರೆ ಅದೇ ಶರಾವತಿ ನೀರನ್ನು ಅಳೆದು ಅಳೆದು ಬಳಸಬೇಕು. ಹೆಚ್ಚಾದ ಕರೆಂಟನ್ನು ಕೂಡಿಡಲು ಇರುವ ಒಂದು ದಾರಿ, ನೀರನ್ನು ಒಡೆದು ಹೈಡ್ರೋಜನ್ ಮಾಡಿಟ್ಟುಕೊಳ್ಳುವುದು. ಬೇಕಾದಾಗ ಅದನ್ನೇ ಫ್ಯೂಯಲ್ ಸೆಲ್‌ಗೆ, ಅಂದರೆ ಹೈಡ್ರೋಜನ್‌ನಿಂದ ಕರೆಂಟು ಮಾಡುವ ಸಾಧನಕ್ಕೆ, ಕೊಟ್ಟರೆ ಮತ್ತೆ ಕರೆಂಟು. ಎರಡೂ ಕೆಲಸದಲ್ಲಿ ನಡುವೆ ಒಂದು ಎಲೆಕ್ಟ್ರೋಲೈಟ್ ಪದರ ಬೇಕು. ಅದು ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಕಣಗಳನ್ನು, ದಾಟಲು ಬಿಡಬೇಕು, ಎಲೆಕ್ಟ್ರಾನನ್ನು ತಡೆಯಬೇಕು.

ಕಾರುಗಳ ಫ್ಯೂಯಲ್ ಸೆಲ್‌ನಲ್ಲಿ ಈ ಪದರ ಪ್ಲಾಸ್ಟಿಕ್ ಹಾಳೆಯಂಥದ್ದು. ಸುಮಾರು 80 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಸದಾ ಒದ್ದೆಯಾಗಿರಬೇಕು, ಜೊತೆಗೆ ದುಬಾರಿ ಪ್ಲಾಟಿನಂ ಬೇರೆ ಬೇಕು. ಇನ್ನೊಂದು ಜಿರ್ಕೋನಿಯಾ ಪಿಂಗಾಣಿ. ಅದರಲ್ಲಿ ದಾಟುವುದು ಆಕ್ಸಿಜನ್ ಅಯಾನು. ಅದಕ್ಕೆ 700ರಿಂದ 1000 ಡಿಗ್ರಿ ಕಾವು ಬೇಕು. ಅಷ್ಟು ಬಿಸಿಗೆ ಸುತ್ತಲಿನ ಲೋಹ ಎಷ್ಟು ದಿನ ಬಾಳುತ್ತದೆ ಹೇಳಿ?

1981ರಲ್ಲಿ ಜಪಾನಿನ ಹಿರೋಯಾಸು ಇವಾಹಾರಾ ಮತ್ತು ಸಂಗಡಿಗರು ಪಿಂಗಾಣಿಯಲ್ಲೂ ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ದಾಟುತ್ತದೆ ಎಂದು ತೋರಿಸಿದರು. ಈಗ ಹೆಚ್ಚು ಮಾತಿನಲ್ಲಿರುವುದು ಬೇರಿಯಂ ಜಿರ್ಕೋನೇಟ್ ಎಂಬ ಪಿಂಗಾಣಿ. ಅದರಲ್ಲಿ ಸ್ವಲ್ಪ ಜಿರ್ಕೋನಿಯಂ ತೆಗೆದು ಯಿಟ್ರಿಯಂ ಸೇರಿಸಿದರೆ ಆಕ್ಸಿಜನ್ ಇರಬೇಕಾದ ಕೆಲವು ಜಾಗ ಖಾಲಿ ಬೀಳುತ್ತವೆ. ನೀರಿನ ಆವಿ ಬಂದು ಆ ಖಾಲಿ ಜಾಗ ತುಂಬುತ್ತದೆ. ಆವಿಯಲ್ಲಿದ್ದ ಪ್ರೋಟಾನು ಅಲ್ಲಿನ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತದೆ. ಮನೆಗೆ ಹಂಚು ಹೊದಿಸುವಾಗ ಸಾಲಾಗಿ ನಿಂತವರು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಆಕ್ಸಿಜನ್‌ನಿಂದ ಪಕ್ಕದ್ದಕ್ಕೆ ಅದು ಜಿಗಿಯುತ್ತದೆ. ಆಕ್ಸಿಜನ್ ಮಾತ್ರ ನಿಂತಲ್ಲೇ ಇರುತ್ತದೆ. ಹೀಗಾಗಿ 400ರಿಂದ 600 ಡಿಗ್ರಿ ಸಾಕು.

ನನಗೆ ಜಾಸ್ತಿ ಇಷ್ಟವಾದ ಗುಣ ಬೇರೆಯೇ ಇದೆ. ನೀರು ಒಡೆಯುವಾಗ ಆವಿಯನ್ನು ಒಂದು ಬದಿಗೆ ಕೊಡುತ್ತೇವೆ, ಹೈಡ್ರೋಜನ್ ಹೊರಡುವುದು ಇನ್ನೊಂದು ಬದಿಯಲ್ಲಿ. ಎರಡೂ ಬೆರೆಯುವುದಿಲ್ಲ. ಆಮೇಲೆ ಆವಿಯನ್ನು ಬೇರ್ಪಡಿಸುವ ದೊಡ್ಡ ತಾಪತ್ರಯ ಇಲ್ಲ.

ಹಾಗಾದರೆ ತೊಡಕೇನು? ಈ ಪುಡಿಯನ್ನು ಸುಟ್ಟು ಗಟ್ಟಿ ಮಾಡಲು ಸಾಮಾನ್ಯವಾಗಿ 1600 ಡಿಗ್ರಿ ದಾಟಬೇಕು. ಭದ್ರಾವತಿ ಸುತ್ತಿನವರಿಗೆ ಕುಲುಮೆಯ ಲೆಕ್ಕ ಗೊತ್ತಿರುತ್ತದೆ, ಶುದ್ಧ ಕಬ್ಬಿಣವೇ 1538ಕ್ಕೆ ಕರಗುತ್ತದೆ! ಅಷ್ಟು ಕಾವಿಗೆ ಬೇರಿಯಂ ಕೂಡ ಸ್ವಲ್ಪ ಸ್ವಲ್ಪ ಹಾರಿಹೋಗುತ್ತದೆ. ಇನ್ನು ಹರಳಿನ ಒಳಗೆ ಸಲೀಸಾಗಿ ಓಡುವ ಪ್ರೋಟಾನು ಹರಳು ಹರಳು ಕೂಡುವ ಅಂಚಿನಲ್ಲಿ ತಡವರಿಸುತ್ತದೆ. ಜಿರ್ಕೋನೇಟ್ ಬದಲು ಬೇರಿಯಂ ಸೀರೇಟ್ ಎಂಬ ಇನ್ನೊಂದು ಪಿಂಗಾಣಿ ಬಳಸಿದರೆ ಸುಡುವುದು ಸುಲಭ, ಪ್ರೋಟಾನೂ ಚೆನ್ನಾಗಿ ಓಡುತ್ತದೆ. ಆದರೆ ಇಂಗಾಲದ ಡೈ ಆಕ್ಸೈಡ್ ತಗುಲಿದರೆ ಬೇರಿಯಂ ಕಾರ್ಬೊನೇಟ್ ಆಗಿ ಕೆಡುತ್ತದೆ. ಅದಕ್ಕೇ ಎರಡನ್ನೂ ಬೆರೆಸಿ ಹದ ಹುಡುಕುತ್ತಿದ್ದಾರೆ.

ಸುದ್ದಿಯಲ್ಲಿ ಅಷ್ಟಾಗಿ ಬಾರದ ಇನ್ನೊಂದು ವಿಷಯವಿದೆ. ಗಾಳಿಯಲ್ಲಿರುವಂತೆ ಆಕ್ಸಿಜನ್ ಇರುವ ಕಡೆ ಕಾವು ಏರಿದಂತೆ ಈ ಪದರದಲ್ಲಿ ವಿದ್ಯುತ್ ಒಳಗೊಳಗೇ ಸೋರುತ್ತದೆ. ಕೊಟ್ಟ ಕರೆಂಟಿನಲ್ಲಿ ಒಂದಿಷ್ಟು ಹೈಡ್ರೋಜನ್ ಆಗದೆ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಆವಿ ಹೆಚ್ಚು ಕೊಟ್ಟರೆ, ಕಾವು ಇಳಿಸಿದರೆ ಸೋರಿಕೆ ತಗ್ಗುತ್ತದೆ. ಆದರೆ ಕಾವು ಇಳಿಸಿದರೆ ಪ್ರೋಟಾನಿನ ಓಟವೂ ನಿಧಾನ. ನಮಸ್ಕಾರ.