ಮರುಭೂಮಿ ನೋಡಲು ಹೊರಟೆವು, ಕಂಡದ್ದೆಲ್ಲ ನೀರಿನ ಕೆಲಸ

ನಮಸ್ಕಾರ ಎಲ್ಲರಿಗೂ. ಈಗ ಬಲಗಡೆ ಬಿಳಿ ಬಯಲು ಕಾಣಿಸುತ್ತಿದೆಯಲ್ಲ, ಅದು ಓವೆನ್ಸ್ ಸರೋವರ. ಇದ್ದದ್ದು ಅಂತ ಹೇಳಬೇಕು. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ 395ನೇ ಹೆದ್ದಾರಿ ಹಿಡಿದು ಡೆತ್ ವ್ಯಾಲಿ ಎಂಬ ಮರುಭೂಮಿಯ ನ್ಯಾಷನಲ್ ಪಾರ್ಕ್‌ಗೆ ಹೋಗುವಾಗ ಸಿಗುತ್ತದೆ. 1913ರಲ್ಲಿ ಆ ನಗರ ಇಲ್ಲಿನ ನದಿಯನ್ನು ಸುಮಾರು 375 ಕಿಲೋಮೀಟರ್ ಉದ್ದದ ಕಾಲುವೆಗೆ ತಿರುಗಿಸಿಕೊಂಡಿತು. 1920ರ ದಶಕದಲ್ಲೇ ಸರೋವರ ಬತ್ತಿತು. ಆಮೇಲೆ ಶುರುವಾಯಿತು ನೋಡಿ ಧೂಳು. ಈಗ ಅದೇ ನಗರ ಧೂಳು ಏಳದಿರಲಿ ಎಂದು ಈ ಒಣ ನೆಲಕ್ಕೆ ನೀರು ಬಿಡಬೇಕಾಗಿದೆ!

ಕಾರಿನಲ್ಲಿ ನಾನು, ಅಕ್ಕ, ಭಾವ. ಸ್ಟೀರಿಂಗ್ ಭಾವನ ಕೈಯಲ್ಲಿ, ಕ್ಯಾಮೆರಾ ನನ್ನ ಕೈಯಲ್ಲಿ. ಪ್ಲಾನ್ ಮಾಡುವಾಗ ಮರುಭೂಮಿ, ನ್ಯಾಷನಲ್ ಪಾರ್ಕ್, ಸಿಟಿ ಅಂತ ಬೇರೆ ಬೇರೆ ಪಟ್ಟಿ ಬರೆದುಕೊಂಡಿದ್ದೆವು. ದಾರಿ ಸಾಗಿದ ಹಾಗೆ ಎಲ್ಲ ಕಡೆಯೂ ನೀರಿನದ್ದೇ ಮಾತು.

ಲೋನ್ ಪೈನ್ ಊರಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಪಾರ್ಕ್ ಒಳಗೆ ಬಂಕ್‌ಗಳಿವೆ, ಆದರೆ ರೇಟು ಜಾಸ್ತಿ. ಮ್ಯಾಪ್ ಕೂಡ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಒಳಗೆ ಎಷ್ಟೋ ದೂರ ಸಿಗ್ನಲ್ ಇರುವುದಿಲ್ಲ. ಏರು ಬಂದ ಕಡೆ ಎಸಿ ಆಫ್ ಮಾಡಿ ಎನ್ನುವ ಬೋರ್ಡ್‌ಗಳಿವೆ. ತಮಾಷೆಯಲ್ಲ, ಸೆಕೆಗೆ ಇಂಜಿನ್ ಕಾದುಬಿಡುತ್ತದೆ.

ಇದು ಡೆತ್ ವ್ಯಾಲಿಯ ಬ್ಯಾಡ್‌ವಾಟರ್. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ಜಾಗ. ಕ್ಯಾಮೆರಾ ಸ್ವಲ್ಪ ಮೇಲಕ್ಕೆ ಎತ್ತುತ್ತೇನೆ. ಬಂಡೆಯ ಮೇಲೆ ಅಷ್ಟು ಎತ್ತರದಲ್ಲಿ ಒಂದು ಚಿಕ್ಕ ಬಿಳಿ ಬೋರ್ಡ್ ಕಂಡಿತಾ? ಸಮುದ್ರ ಮಟ್ಟ ಅಲ್ಲಿದೆ. ನಾವು ಇಲ್ಲಿದ್ದೇವೆ.

ಪಶ್ಚಿಮದಿಂದ ಬರುವ ಮೋಡಗಳನ್ನು ಸಿಯೆರಾ ನೆವಾಡಾ ಮತ್ತು ನಡುವಿನ ಬೆಟ್ಟಸಾಲುಗಳು ಹಿಂಡಿಬಿಡುತ್ತವೆ. ಇಲ್ಲಿಗೆ ತಲುಪುವ ಮಳೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಅಷ್ಟೇ. ಹತ್ತಿರದ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ. ಕಾಲಡಿಯ ಈ ಉಪ್ಪು ಹಳೆಯ ಕಾಲದ ದೊಡ್ಡ ಸರೋವರಗಳು ಆವಿಯಾಗಿ ಉಳಿಸಿಹೋದದ್ದು. "ಇನ್ನು ಇಲ್ಲಿ ನೀರು ಎಲ್ಲಿಂದ ಬರಬೇಕು" ಅಂದಳು ಅಕ್ಕ. ಬಂದಿತ್ತು! 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆ ಒಂದು ವರ್ಷದಷ್ಟನ್ನು ಒಂದೇ ದಿನ ಸುರಿಯಿತು. ಈ ಉಪ್ಪಿನ ಬಯಲಿನಲ್ಲಿ ತಿಂಗಳುಗಟ್ಟಲೆ ನೀರು ನಿಂತಿತ್ತು. ಮುಂದಿನ ಫೆಬ್ರವರಿಯಲ್ಲಿ ಜನ ಇಲ್ಲಿ ದೋಣಿ ಬಿಟ್ಟರು.

ಲಾಸ್ ವೇಗಸ್ ಬಗ್ಗೆ ಜಾಸ್ತಿ ಹೇಳಲ್ಲ, ದೀಪಗಳನ್ನು ನೀವೇ ನೋಡುತ್ತಿದ್ದೀರಿ. ನನಗೆ ಹಿಡಿಸಿದ್ದು ಬೇರೆ. ನಲ್ಲಿ, ಟಾಯ್ಲೆಟ್‌ನಿಂದ ಹೋದ ನೀರನ್ನು ಇಲ್ಲಿ ಶುದ್ಧ ಮಾಡಿ, ಊರಿಗೆ ನೀರು ಬರುವ ಮೀಡ್ ಸರೋವರಕ್ಕೇ ಮತ್ತೆ ಬಿಡುತ್ತಾರೆ. ರಸ್ತೆ ಬದಿಯಲ್ಲಿ ಸುಮ್ನೆ ಅಂದಕ್ಕೆ ಬೆಳೆಸಿದ ಹುಲ್ಲು ಇರಬಾರದು ಎಂದು 2021ರಲ್ಲಿ ಕಾನೂನೇ ಆಗಿದೆ. ಇಷ್ಟು ದುಂದಿನ ಊರಿಗೆ ಇಷ್ಟು ಜಿಪುಣತನ, ಒಳ್ಳೆಯದೇ ಅಲ್ವಾ?

ಅಲ್ಲಿಂದ ಯೂಟಾ. ಜಯಾನ್ ನ್ಯಾಷನಲ್ ಪಾರ್ಕ್‌ನ ಈ ಕೆಂಪು ಗೋಡೆಗಳನ್ನು ಕೊರೆದದ್ದು ಕೆಳಗೆ ಹರಿಯುವ ವರ್ಜಿನ್ ನದಿ. ಇಷ್ಟು ಸಣ್ಣ ನದಿಯಾ ಅನ್ನಿಸುತ್ತದೆ. ಆದರೆ ಎಲ್ಲೋ ಮೇಲೆ ಮಳೆ ಬಿದ್ದರೆ ಸಾಕು, ಬಿಸಿಲಿದ್ದ ಕಡೆಗೂ ದಿಢೀರ್ ಪ್ರವಾಹ ನುಗ್ಗುತ್ತದೆ. ನ್ಯಾರೋಸ್ ಎಂಬ ಇಕ್ಕಟ್ಟಿನ ಕಣಿವೆಯಲ್ಲಿ ನದಿಯೊಳಗೇ ನಡೆಯುವವರು ಮೊದಲು ಹವಾಮಾನ ಕೇಳಿಕೊಂಡೇ ಇಳಿಯಬೇಕು. ಪೂರ್ವಕ್ಕೆ ಹೊರಡುವ ದಾರಿಯಲ್ಲಿ 1930ರ ಸುರಂಗ, 1.8 ಕಿಲೋಮೀಟರ್. ಮಧ್ಯೆ ಮಧ್ಯೆ ಬಂಡೆಗೆ ಕಿಟಕಿ ಕೊರೆದಿದ್ದಾರೆ. ವಿಡಿಯೋದಲ್ಲಿ ಬೆಳಕು ಬಂದು ಹೋದದ್ದು ಅದೇ, ಎಡಿಟಿಂಗ್ ಅಲ್ಲ.

ಮುಂದಿನ ಪಾರ್ಕ್ ಬ್ರೈಸ್‌ಗೆ ಕ್ಯಾನಿಯನ್, ಅಂದರೆ ನದಿ ಕೊರೆದ ಕಣಿವೆ, ಅನ್ನುವ ಹೆಸರಿದೆ, ಆದರೆ ಕೊರೆಯುವ ನದಿ ಇಲ್ಲ. ಇಲ್ಲಿ ಕೆಲಸ ಮಂಜುಗಡ್ಡೆಯದು. ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಹೀಗೆ ಸೀಳಿ ಸೀಳಿ ನಿಂತ ಕಂಬಗಳೇ ಈ ಹೂಡೂಗಳು. ಅಂಚು 2,400 ಮೀಟರ್‌ಗಿಂತ ಎತ್ತರದಲ್ಲಿದೆ, ಹಾಗಾಗಿ ಅಕ್ಟೋಬರ್‌ನಲ್ಲೇ ಗಡಗಡ ಚಳಿ. ಡೆತ್ ವ್ಯಾಲಿಯ ಬಟ್ಟೆಯಲ್ಲಿ ಬರಬೇಡಿ.

ಅರಿಜೋನಾ ಗಡಿ ದಾಟಿದಾಗ ಫೋನ್ ಒಂದು ಗಂಟೆ ಹಿಂದೆ ಹೋಯಿತು. ಮೂಲನಿವಾಸಿಗಳಾದ ನವಾಹೊ ಜನರ ಪ್ರದೇಶಕ್ಕೆ ಬಂದಾಗ ಮತ್ತೆ ಮುಂದೆ! ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ, ನವಾಹೊ ಪ್ರದೇಶದಲ್ಲಿ ಇದೆ. ಟೂರ್ ಬುಕ್ ಮಾಡಿದ್ದರೆ ಯಾರ ಟೈಮ್ ಅಂತ ಕೇಳಿಕೊಳ್ಳಿ.

ಗ್ರ್ಯಾಂಡ್ ಕ್ಯಾನಿಯನ್‌ಗೆ ಪೂರ್ವದ ಡೆಸರ್ಟ್ ವ್ಯೂ ಕಡೆಯಿಂದ ಬನ್ನಿ ಅನ್ನುವುದು ನನ್ನ ಸಲಹೆ. ಇಲ್ಲಿಂದ ಕೊಲರಾಡೋ ನದಿ ಚೆನ್ನಾಗಿ ಕಾಣುತ್ತದೆ. ಮೇದರ್ ಪಾಯಿಂಟ್ ಎಂಬ ಇನ್ನೊಂದು ನೋಟದ ಜಾಗದಲ್ಲಿ ಹಳ್ಳವೇ ಎಷ್ಟು ದೊಡ್ಡದೆಂದರೆ ನದಿಯನ್ನು ಹುಡುಕಬೇಕು. 446 ಕಿಲೋಮೀಟರ್ ಉದ್ದ, ಸುಮಾರು 1.6 ಕಿಲೋಮೀಟರ್ ಆಳ. ತಳದ ಕಪ್ಪು ಕಲ್ಲಿಗೆ 170 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅದನ್ನು ಕೊರೆಯಲು ನದಿಗೆ 50–60 ಲಕ್ಷ ವರ್ಷ ಸಾಕಾಯಿತು ಎನ್ನುತ್ತಾರೆ. ಎದುರಿನ ಅಂಚು ನೇರವಾಗಿ 16 ಕಿಲೋಮೀಟರ್, ಕಾರಿನಲ್ಲಿ ಹೋಗಬೇಕಾದರೆ ಸುಮಾರು 350! ಭಾವ ಆ ಅಂಕಿ ಕೇಳಿ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಅದೇ ನದಿಯನ್ನು ಹೂವರ್ ಅಣೆಕಟ್ಟಿನಲ್ಲಿ ನಿಲ್ಲಿಸಿದ್ದಾರೆ. 221 ಮೀಟರ್ ಎತ್ತರ. ಅಣೆಕಟ್ಟಿನ ಹಿಂಬದಿಯ ಮೀಡ್ ಸರೋವರದ ಬಂಡೆಗಳ ಮೇಲಿನ ಬಿಳಿ ಪಟ್ಟೆ ನೋಡಿ, ಹಿಂದೆ ನೀರು ಅಲ್ಲಿಯವರೆಗೆ ಇತ್ತು. 1983ರಲ್ಲಿ ತುಂಬಿ ಕೋಡಿಯಲ್ಲಿ ಹರಿದ ಸರೋವರ 2022ರ ಜುಲೈಯಲ್ಲಿ, ಮೊದಲ ಸಲ ತುಂಬಿದ ಕಾಲದಿಂದೀಚೆಗೆ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಪೂರ್ತಿ ಫ್ರೇಮ್ ಬೇಕಾದವರು ಅಣೆಕಟ್ಟಿನ ಮೇಲೆ ನಿಂತು ಪ್ರಯೋಜನವಿಲ್ಲ. 2010ರಲ್ಲಿ ತೆರೆದ ಪಕ್ಕದ ಸೇತುವೆಗೆ ಕಾಲುದಾರಿ ಇದೆ, ಅಲ್ಲಿಗೆ ಹತ್ತಿ. ಟೋಪಿ ಹಾಕಿಕೊಳ್ಳಿ, ಫೋನ್ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೇಲೆ ಗಾಳಿ ಜೋರು.