ಮೂರು ತೂತು ತೋರಿಸಿ ಲೋಡ್ ರೆಡಿ ಅನ್ನಬೇಡಿ

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಗುರುಗಳೇ, ನನ್ನ ಹ್ಯಾಂಡ್‌ಲೋಡ್ ಅರ್ಧ ಎಂಓಎ ಹೊಡೆಯುತ್ತೆ, ಇನ್ನೇನು ಟ್ಯೂನ್ ಮಾಡಲಿ?" ಅಂದರೆ, ಮದ್ದು ತೂಗಿ ಕೈಯಾರೆ ತುಂಬಿಸಿದ ರೈಫಲ್ ತೋಟಾ (ಅದೇ ಹ್ಯಾಂಡ್‌ಲೋಡ್; ಮದ್ದು, ಗುಂಡಿನ ಒಂದೊಂದು ಹೊಂದಾಣಿಕೆಗೂ ಲೋಡ್ ಅನ್ನುತ್ತಾರೆ) 100 ಮೀಟರ್‌ನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೇ ಗುಂಡು ಕೂರಿಸುತ್ತದಂತೆ. ಜೊತೆಗೆ ಫೋಟೋ ಲಿಂಕ್. ತೆರೆದು ನೋಡಿದೆ. ಟಾರ್ಗೆಟ್‌ನಲ್ಲಿ ಗೆರೆ ಎಳೆದಿರುವುದು ಮೂರು ತೂತಿನ ಸುತ್ತ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿದ್ದಾರೆ, "ಫ್ಲೈಯರ್ ಬಿಟ್ಟು". ಫ್ಲೈಯರ್ ಅಂದರೆ ಗುಂಪು ಬಿಟ್ಟು ದೂರ ಬಿದ್ದ ಗುಂಡು. ಅಂದರೆ ನಾಲ್ಕನೆಯದೂ ಇತ್ತು!

ಸ್ವಾಮಿ, ಮೂರು ಗುಂಡಿನಿಂದ ಏನೂ ಗೊತ್ತಾಗುವುದಿಲ್ಲ.

ರೈಫಲ್ ಅದೇ, ಲೋಡ್ ಅದೇ, ಹೊಡೆಯುವ ಕೈಯೂ ಅದೇ ಇರಲಿ. 3 ಗುಂಡಿನ ಗ್ರೂಪಿಗಿಂತ (ತೂತುಗಳ ಗುಂಪು, ಅಳೆಯುವುದು ಅತಿ ದೂರದ ಎರಡು ತೂತುಗಳ ನಡುವಿನ ಅಂತರ) 10 ಗುಂಡಿನ ಗ್ರೂಪ್ ಸರಾಸರಿ ಒಂದೂವರೆ ಪಟ್ಟು ದೊಡ್ಡದಾಗಿಯೇ ಬರುತ್ತದೆ. ರೈಫಲ್ ಕೆಟ್ಟಿಲ್ಲ. ಗುಂಡು ಮೊದಲಿಂದಲೂ ಅಷ್ಟೇ ಚದುರುತ್ತಿತ್ತು, ನೀವು ಬೇಗ ಎದ್ದು ಬಂದಿರಿ.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕಥೆ ಇನ್ನೂ ಮಜಾ. ಮೂರು ಗುಂಡು ಹೊಡೆದು "ಎಸ್‌ಡಿ 4 ಬಂತು" ಅಂತ ಕುಣಿಯುತ್ತಾರೆ. ಎಸ್‌ಡಿ ಅಂದರೆ ಗುಂಡುಗಳ ವೇಗ ಸರಾಸರಿಯಿಂದ ಎಷ್ಟು ಏರುಪೇರಾಗುತ್ತದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಮೂರೇ ಅಳತೆಯಿಂದ ಬಂದ ಆ 4, ಶೇಕಡಾ 95 ಖಾತ್ರಿಯ ಲೆಕ್ಕದಲ್ಲಿ, ನಿಜಕ್ಕೂ 2 ಇರಬಹುದು, 25 ಕೂಡ ಇರಬಹುದು. 20 ಗುಂಡು ಹೊಡೆದು 4 ಬಂದರೆ ಮಾತು ಬೇರೆ. ಆಗ ಅದು 3ಕ್ಕೂ 6ಕ್ಕೂ ನಡುವೆ ಎಲ್ಲೋ ಇದೆ ಅನ್ನಬಹುದು. ಈ ಲೆಕ್ಕದ ಶೀಟ್ ಕೆಳಗೆ ಲಿಂಕ್‌ನಲ್ಲಿದೆ. ಪುಕ್ಕಟೆ. ಸಬ್‌ಸ್ಕ್ರೈಬ್ ಮಾಡಿದರೆ ನನಗೆ ಖುಷಿ.

ಇನ್ನು ಫ್ಲೈಯರ್. ಟ್ರಿಗರ್ ಎಳೆದ ಕ್ಷಣವೇ "ಅಯ್ಯೋ, ಇದು ನಾನು ಕೆಡಿಸಿದೆ" ಅಂದಿರಾ? ಒಪ್ಪೋಣ. ಟಾರ್ಗೆಟ್ ನೋಡಿದ ಮೇಲೆ ಅಂದರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ತೂತೂ ನಿಮ್ಮದೇ, ಎಣಿಸಿ.

ಸರಿ, ಸ್ಕೋಪ್ ಕಡೆ ಬರೋಣ. ಮದ್ದನ್ನು 0.1 ಗ್ರೈನ್ (ಸುಮಾರು 6.5 ಮಿಲಿಗ್ರಾಂ) ಲೆಕ್ಕದಲ್ಲಿ ತೂಗುವವರು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿಗೆರೆಯೂ ಸರಿದಂತೆ ಕಾಣುವ ದೋಷ, ನೋಡಿರುವುದೇ ಇಲ್ಲ. ರೈಫಲ್ ಗಟ್ಟಿಯಾಗಿ ಕೂರಿಸಿ. ಮುಟ್ಟಬೇಡಿ. ಕಣ್ಣನ್ನು ಮಾತ್ರ ಮೇಲೆ ಕೆಳಗೆ ಸ್ವಲ್ಪ ಸರಿಸಿ. ರೆಟಿಕಲ್ (ಸ್ಕೋಪ್ ಒಳಗಿನ ಗುರಿಗೆರೆ) ಟಾರ್ಗೆಟ್ ಮೇಲೆ ಈಜಾಡುತ್ತಿದೆಯಾ? ನಿಲ್ಲುವವರೆಗೂ ಸ್ಕೋಪಿನ ಪ್ಯಾರಲಾಕ್ಸ್ ಗುಂಡಿ ತಿರುಗಿಸಿ. ಗುಂಡಿಯ ಮೇಲೆ 100 ಅಂತ ಬರೆದಿದೆ, ಅಲ್ಲೇ ಬಿಟ್ಟೆ ಅನ್ನಬೇಡಿ. ಆಮೇಲೆ ತೂಗುಗುಂಡಿನ ದಾರ ಬಿಟ್ಟು ರೆಟಿಕಲ್ ನೆಟ್ಟಗಿದೆಯಾ ನೋಡಿ. ಸ್ಕೋಪಿನಲ್ಲಿ 10 ಮಿಲ್ (ಕೋನದ ಅಳತೆ; ದೂರದ ಸಾವಿರದಲ್ಲೊಂದು ಪಾಲು 1 ಮಿಲ್) ಏರಿಸಿದರೆ 100 ಮೀಟರ್‌ನಲ್ಲಿ ಗುಂಡು 1 ಮೀಟರ್ ಮೇಲೆ ಹೋಗಬೇಕು. ಸ್ಕೋಪ್ 3 ಡಿಗ್ರಿ ವಾಲಿದ್ದರೆ ಪಕ್ಕಕ್ಕೂ 5 ಸೆಂಟಿಮೀಟರ್ ಸರಿಯುತ್ತದೆ. ಇದನ್ನು ಎಷ್ಟು ಗುಂಡಿನಲ್ಲಿ ಪರೀಕ್ಷೆ ಮಾಡಿದಿರಿ? ಮೂರು! ಅಲ್ವಾ?

ಝೀರೋ ಮಾಡುವುದೂ (ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವುದೂ) ಹಾಗೇ. 0.1 ಮಿಲ್‌ನ ಒಂದು ಕ್ಲಿಕ್ ಅಂದರೆ 100 ಮೀಟರ್‌ಗೆ 1 ಸೆಂಟಿಮೀಟರ್. ಮೂರು ತೂತಿನ ನಡುಭಾಗ ನೋಡಿ ಈ ವಾರ ಒಂದು ಕ್ಲಿಕ್ ಬಲಕ್ಕೆ, ಮುಂದಿನ ವಾರ ಒಂದು ಎಡಕ್ಕೆ. ಕ್ಲಿಕ್ ತಿರುಗಿಸುವ ಟರೆಟ್ ಪಾಪ, ಅದಕ್ಕೂ ಜೀವ ಇದ್ದಿದ್ದರೆ ಕಾಮೆಂಟ್ ಹಾಕುತ್ತಿತ್ತು.

"ಬ್ಯಾರಲ್ ಬಿಸಿಯಾಗುತ್ತೆ ಸರ್." ಆರಲು ಬಿಡಿ. ಮುಂದಿನ ಗುಂಡು ಅದೇ ಹಾಳೆಗೆ ಹೊಡೆಯಿರಿ. ಯಾರು ಓಡಿಸಿಕೊಂಡು ಬರುತ್ತಿದ್ದಾರೆ?

"ಗುಂಡು ದುಬಾರಿ ಸರ್." 15 ಥರದ ಲೋಡ್, ತಲಾ ಮೂರು. 45 ಗುಂಡು ಸುಟ್ಟಿರಲ್ಲ, ಅದು ಪುಕ್ಕಟೆ ಬಂತಾ? ಅದೇ 45ನ್ನು ಎರಡು ಲೋಡ್‌ಗೆ ಹಂಚಿದ್ದರೆ ಏನಾದರೂ ಗೊತ್ತಾಗುತ್ತಿತ್ತು. ಇನ್ನು ಒಂದೊಂದು ತೂಕಕ್ಕೆ ಒಂದೊಂದು ಗುಂಡು ಹೊಡೆದು "ಇಲ್ಲೇ ನೋಡ್ (ಗುಂಡು ಚದುರದ ಒಳ್ಳೆಯ ಮದ್ದಿನ ತೂಕ) ಇದೆ" ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ನಾಳೆ ಮತ್ತೆ ಹೊಡೆಯಿರಿ, ಅದೇ ಹೇಳುತ್ತದೆ.

ಒಂದು ಮಾತು ಮಾತ್ರ ತಮಾಷೆ ಅಲ್ಲ. ಮದ್ದಿನ ತೂಕ ಲೋಡ್ ಪುಸ್ತಕದ್ದೇ ಇರಲಿ, ಕಡಿಮೆಯಿಂದ ಶುರು ಮಾಡಿ. ಕಾಮೆಂಟ್‌ನಲ್ಲಿ ಯಾರೋ ಹೇಳಿದ ತೂಕ ಬೇಡ. ನಾನು ಹೇಳಿದರೂ ಬೇಡ.

ಮತ್ತೆ ಹೇಳುತ್ತೇನೆ, ಮೂರು ಸಾಲದು. ಯಾಕೆ ಅಂತ ಕೇಳಬೇಡಿ, ಆಗಲೇ ಹೇಳಿದ್ದೇನೆ. ಸಾಲದು ಅಂದರೆ ಸಾಲದು! ನೀವು ಚೆನ್ನಾಗಿ ಹೊಡೆಯುತ್ತೀರಿ, ಗೊತ್ತು. ಎಲ್ಲರೂ ಮೂರು ಗುಂಡಿನವರೆಗೆ ಚೆನ್ನಾಗಿಯೇ ಹೊಡೆಯುತ್ತಾರೆ.

ಮುಂದಿನ ವಿಡಿಯೋ ಸೀಟಿಂಗ್ ಡೆಪ್ತ್ (ತೋಟಾದೊಳಗೆ ಗುಂಡು ಎಷ್ಟು ಆಳಕ್ಕೆ ಕೂರಬೇಕು) ಬಗ್ಗೆ. ಅಲ್ಲೂ ಜಗಳ ಇದೆ, ಗಂಟೆ ಒತ್ತಿಟ್ಟಿರಿ. ಟಾರ್ಗೆಟ್ ಫೋಟೋ ಹಾಕುವವರು ಹಾಕಿ, ಆದರೆ 10 ತೂತು ಇರಲಿ. ಕಡಿಮೆ ಇದ್ದರೆ ಸುಮ್ನೆ ಡಿಲೀಟ್ ಮಾಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.