ಕಾಲು ಮೂಡಿದ್ದು ನೀರಿನೊಳಗೆ

ಕೇಳುಗರಿಗೆ ನಮಸ್ಕಾರ.

ಬೆರಳು ಮೊದಲು ಬಂತೋ, ನಡಿಗೆ ಮೊದಲು ಬಂತೋ? ಯಾರನ್ನೇ ಕೇಳಿ, ನಡಿಗೆ ಮೊದಲು ಅಂತಲೇ ಹೇಳುತ್ತಾರೆ. ಯಾವುದೋ ಮೀನು ತೆವಳಿಕೊಂಡು ದಡ ಹತ್ತಿತು. ನೆಲದ ಮೇಲೆ ಓಡಾಡಬೇಕಾಗಿ ಬಂತು. ಹಾಗಾಗಿ ಈಜುರೆಕ್ಕೆ ನಿಧಾನಕ್ಕೆ ಕಾಲಾಯಿತು, ಕಾಲಿಗೆ ಬೆರಳು ಮೂಡಿತು. ಕಥೆ ಚೆನ್ನಾಗಿದೆ, ಅಲ್ವಾ? ಬಹಳ ಕಾಲ ವಿಜ್ಞಾನಿಗಳೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು. ಆದರೆ ಬಂಡೆಯೊಳಗೆ ಕಲ್ಲಾಗಿ ಉಳಿದಿರುವ ಜೀವಿಗಳು ಈ ಕಥೆಗೆ ಒಪ್ಪುತ್ತಿಲ್ಲ.

1987ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆನ್ನಿ ಕ್ಲಾಕ್ ತಮ್ಮ ತಂಡದ ಜೊತೆ ಪೂರ್ವ ಗ್ರೀನ್‌ಲ್ಯಾಂಡಿಗೆ ಹೋದರು. ಅಲ್ಲಿನ ಬಂಡೆಗಳ ವಯಸ್ಸು ಸುಮಾರು 36.5 ಕೋಟಿ ವರ್ಷ. ಅವರಿಗೆ ಅಕಾಂತೋಸ್ಟೆಗ ಎಂಬ ಪ್ರಾಣಿಯ ಒಳ್ಳೊಳ್ಳೆಯ ಪಳೆಯುಳಿಕೆಗಳು ಸಿಕ್ಕಿದವು. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ತೀರಾ ಹಳೆಯವು ಯಾವುವು ಅಂದರೆ ಇದರ ಹೆಸರನ್ನೂ ಹೇಳಬೇಕು. ಆಮೇಲೆ ಪ್ರಯೋಗಾಲಯದಲ್ಲಿ ಕಲ್ಲನ್ನು ಚೂರುಚೂರೇ ಬಿಡಿಸುತ್ತಾ ಹೋದಾಗ ಅದರ ಮುಂಗಾಲು ಕಾಣಿಸಿತು. ಬೆರಳು ಎಣಿಸಿದರೆ ಐದಕ್ಕೆ ನಿಲ್ಲಲಿಲ್ಲ. ಎಂಟು! ಅದರ ಹತ್ತಿರದ ಸಂಬಂಧಿ ಇಕ್ತಿಯೋಸ್ಟೆಗದ ಹಿಂಗಾಲಿನಲ್ಲಿ ಏಳು. ಕ್ಲಾಕ್ ಮತ್ತು ಮೈಕಲ್ ಕೋಟ್ಸ್ 1990ರಲ್ಲಿ ಇದನ್ನು ಪ್ರಕಟಿಸಿದರು. ಬೆನ್ನುಮೂಳೆಯ ಪ್ರಾಣಿಗಳಿಗೆ ಮೊದಲಿನಿಂದಲೂ ಐದೇ ಬೆರಳು ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಎಂಟು ಬೆರಳು ಅಂದರೆ ಪತ್ರಿಕೆಗಳಿಗೆ ದೊಡ್ಡ ಸುದ್ದಿ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಉಳಿದ ದೇಹ. ಅಕಾಂತೋಸ್ಟೆಗಕ್ಕೆ ಒಳಗಡೆ ಮೀನಿನಂಥ ಕಿವಿರುಗಳಿದ್ದವು. ಬಾಲದಲ್ಲಿ ಅಗಲವಾದ ಈಜುರೆಕ್ಕೆ ಇತ್ತು. ಕಾಲುಗಳಿಗಂತೂ ಮೈಭಾರ ಹೊರುವ ಶಕ್ತಿಯೇ ಇರಲಿಲ್ಲ. ಅಂದರೆ ಇದು ನೀರಿನಲ್ಲೇ ಬದುಕಿದ ಪ್ರಾಣಿ. ಹಾಗಾದರೆ ಬೆರಳು ಯಾತಕ್ಕೆ? ಬಹುಶಃ ಗಿಡಗಂಟಿ ತುಂಬಿದ ಆಳವಿಲ್ಲದ ನೀರಿನಲ್ಲಿ ದಾರಿ ಮಾಡಿಕೊಳ್ಳುವುದಕ್ಕೆ, ತಳಕ್ಕೆ ಒತ್ತಿಕೊಂಡು ಮುಂದೆ ಹೋಗುವುದಕ್ಕೆ. ನೆಲದ ಮೇಲೆ ನಡೆಯುವ ಯೋಚನೆ ಅಲ್ಲಿ ಯಾರಿಗೂ ಇರಲಿಲ್ಲ. ಅಂಗ ಮೊದಲು ಬಂತು. ನಾವು ಇವತ್ತು ಅದರಿಂದ ಮಾಡಿಸಿಕೊಳ್ಳುವ ಕೆಲಸ ಎಷ್ಟೋ ಕಾಲದ ಮೇಲೆ ಬಂತು.

ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಿಗ್ವಾಶಾದಲ್ಲಿ ಸಿಕ್ಕ ಎಲ್ಪಿಸ್ಟೋಸ್ಟೆಗೆ ಎಂಬ ಮೀನು. ಒಂದೂವರೆ ಮೀಟರಿಗಿಂತ ಸ್ವಲ್ಪ ಉದ್ದ, ಮೂತಿಯಿಂದ ಬಾಲದವರೆಗೆ ಪೂರ್ತಿ ಉಳಿದುಕೊಂಡ ಪಳೆಯುಳಿಕೆ. ಅದನ್ನು ಒಡೆಯದೆ ಎಕ್ಸ್‌ರೇ ಸ್ಕ್ಯಾನ್ ಮಾಡಿ ನೋಡಿದರು. ಹೊರಗಿನಿಂದ ಅದು ಈಜುರೆಕ್ಕೆಯೇ, ಅಂಚಿನಲ್ಲಿ ಕಡ್ಡಿಗಳೂ ಇವೆ. ಒಳಗೆ ಮಾತ್ರ ಸಾಲಾಗಿ ಬೆರಳಿನ ಮೂಳೆಗಳು! 2020ರಲ್ಲಿ ಇದು ಪ್ರಕಟವಾಯಿತು. ರೆಕ್ಕೆ ಇನ್ನೂ ರೆಕ್ಕೆಯಾಗಿ ಇರುವಾಗಲೇ ಬೆರಳು ಒಳಗೊಳಗೇ ತಯಾರಾಗಿತ್ತು.

ಟಿಕ್ಟಾಲಿಕ್ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅದು ಆಕಸ್ಮಿಕವಾಗಿ ಸಿಕ್ಕಿದ್ದಲ್ಲ, ಹುಡುಕಿ ತೆಗೆದದ್ದು. ನೀಲ್ ಶೂಬಿನ್, ಟೆಡ್ ಡೆಶ್ಲರ್ ಮತ್ತು ಅವರ ತಂಡದ ಲೆಕ್ಕಾಚಾರ ಸರಳವಾಗಿತ್ತು. ಸುಮಾರು 38.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಮೀನಿನಂಥ ಮೀನು ಸಿಗುತ್ತದೆ. 36.5 ಕೋಟಿ ವರ್ಷದ ಬಂಡೆಯಲ್ಲಿ ಕಾಲಿರುವ ಪ್ರಾಣಿ ಸಿಗುತ್ತದೆ. ಹಾಗಾದರೆ ನಡುವಿನದು 37.5 ಕೋಟಿ ವರ್ಷದ ಬಂಡೆಯಲ್ಲಿ ಇರಬೇಕು. ಅದೂ ನದಿಯ ಹೂಳಿನಿಂದ ಆದ ಬಂಡೆಯಾಗಿರಬೇಕು, ಅಷ್ಟೇ ಅಲ್ಲ, ಮಣ್ಣು ಕಾಡು ಮುಚ್ಚದೆ ಬಯಲಿಗೆ ಬಿದ್ದಿರಬೇಕು. ಇಂಥ ಬಂಡೆ ಉತ್ತರ ಧ್ರುವದ ಕಡೆ, ಕೆನಡಾದ ದ್ವೀಪಗಳಲ್ಲಿ ಇದೆ ಅನ್ನುವುದು ಒಂದು ಪಠ್ಯಪುಸ್ತಕದ ನಕ್ಷೆಯಿಂದ ಗೊತ್ತಾಯಿತು. 1999ರಲ್ಲಿ ಹುಡುಕಾಟ ಶುರು. ಅಲ್ಲಿ ಬೇಸಿಗೆಯ ಕೆಲವೇ ವಾರ ಕೆಲಸ ಮಾಡಬಹುದು. ಕೊನೆಗೆ 2004ರಲ್ಲಿ ಎಲ್ಸ್‌ಮಿಯರ್ ದ್ವೀಪದ ಒಂದು ಬಂಡೆಯಿಂದ ಚಪ್ಪಟೆ ಮೂತಿಯೊಂದು ಇಣುಕಿತು.

ಹುರುಪೆ ಇದೆ, ಕಿವಿರು ಇದೆ, ಈಜುರೆಕ್ಕೆ ಇದೆ. ಹಾಗೆ ನೋಡಿದರೆ ಮೀನು. ತಲೆ ಮೊಸಳೆಯ ತಲೆಯ ಹಾಗೆ ಚಪ್ಪಟೆ, ಕಣ್ಣು ನೆತ್ತಿಯ ಮೇಲೆ. ರೆಕ್ಕೆಯೊಳಗೆ ಮೊಣಕೈ ಮಣಿಕಟ್ಟುಗಳ ಹಾಗೆ ಬಾಗುವ ಕೀಲುಗಳು. ಮತ್ತೆ ಕುತ್ತಿಗೆ! ಸಾಮಾನ್ಯವಾಗಿ ಮೀನಿಗೆ ಕುತ್ತಿಗೆ ಇರುವುದಿಲ್ಲ, ಅದರ ತಲೆಬುರುಡೆ ಭುಜದ ಮೂಳೆಗೆ ಅಂಟಿಕೊಂಡಿರುತ್ತದೆ. ಟಿಕ್ಟಾಲಿಕ್‌ನಲ್ಲಿ ಆ ಅಂಟು ಬಿಟ್ಟಿದೆ. ಮೈ ಅಲ್ಲಾಡಿಸದೆ ತಲೆಯನ್ನಷ್ಟೇ ಎತ್ತುವುದು, ತಿರುಗಿಸುವುದು ಅದಕ್ಕೆ ಸಾಧ್ಯವಿತ್ತು. ವಿಕಾಸವಾದ ಸುಮ್ನೆ ಹಳೆಯದನ್ನು ವಿವರಿಸುವ ಕಥೆ ಎನ್ನುವವರಿಗೆ ನಾನು ಕೊಡುವ ಮೊದಲ ಉದಾಹರಣೆ ಇದೇ. ಯಾವ ವಯಸ್ಸಿನ, ಯಾವ ಬಗೆಯ ಬಂಡೆಯಲ್ಲಿ ಏನು ಸಿಗಬೇಕು ಅಂತ ಮೊದಲೇ ಹೇಳಿ, ಹೋಗಿ ತೆಗೆದು ತೋರಿಸಿದರು.

ಆದರೆ ಕಥೆ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. 2010ರಲ್ಲಿ ಪೋಲೆಂಡಿನ ಒಂದು ಹಳೆಯ ಕಲ್ಲುಗಣಿಯಲ್ಲಿ ಹೆಜ್ಜೆಗುರುತುಗಳು ಸಿಕ್ಕಿವೆ ಎಂದು ವರದಿಯಾಯಿತು. ನಾಲ್ಕು ಕಾಲಿನ ಪ್ರಾಣಿಯ ಹೆಜ್ಜೆ, ವಯಸ್ಸು ಸುಮಾರು 39.5 ಕೋಟಿ ವರ್ಷ. ಟಿಕ್ಟಾಲಿಕ್‌ಗಿಂತ ಎರಡು ಕೋಟಿ ವರ್ಷದಷ್ಟು ಹಿಂದೆ! ಅವು ಹೆಜ್ಜೆಯೇ ಅಲ್ಲ, ಮೀನುಗಳು ತಳವನ್ನು ಕೆದಕಿದ ಗುರುತು ಅನ್ನುವವರೂ ಇದ್ದಾರೆ. ಹೆಜ್ಜೆ ಅಂತಲೇ ಇಟ್ಟುಕೊಳ್ಳೋಣ. ಆಗ ಟಿಕ್ಟಾಲಿಕ್ ನಮ್ಮ ಮುತ್ತಜ್ಜ ಅಲ್ಲ, ದೊಡ್ಡಪ್ಪನ ಕಡೆಯವನು. ಮುತ್ತಜ್ಜನ ಫೋಟೋ ಇಲ್ಲದ ಮನೆಯಲ್ಲಿ ದೊಡ್ಡಪ್ಪನ ಮುಖ ನೋಡಿ ಅಜ್ಜ ಹೇಗಿದ್ದಿರಬಹುದು ಅಂತ ಊಹಿಸುವುದಿಲ್ಲವೇ, ಪಳೆಯುಳಿಕೆ ಓದುವುದೂ ಹೆಚ್ಚಾಗಿ ಹಾಗೆಯೇ. ‘ಕಳೆದುಹೋದ ಕೊಂಡಿ ಸಿಕ್ಕಿತು’ ಎಂದು ತಲೆಬರಹ ಬರೆಯುವವರು ಇದನ್ನು ಯಾವಾಗ ಗಮನಿಸುತ್ತಾರೋ!

ಟಿಕ್ಟಾಲಿಕ್ ಸಿಕ್ಕ 2004ರಲ್ಲೇ, ಅದಕ್ಕೆ ಕೆಲವೇ ದಿನ ಮೊದಲು, ಅದೇ ದ್ವೀಪದಲ್ಲಿ ಇನ್ನೊಂದು ಕಲ್ಲನ್ನು ಎತ್ತಿಟ್ಟುಕೊಂಡಿದ್ದರು. ಅದರೊಳಗೆ ಏನಿದೆ ಅನ್ನುವುದು ಸ್ಕ್ಯಾನ್ ಆದ ಮೇಲೆ, 2022ರಲ್ಲಿ ಲೋಕಕ್ಕೆ ತಿಳಿಯಿತು. ಹೆಸರು ಕಿಕಿಕ್ಟಾನಿಯಾ. ಟಿಕ್ಟಾಲಿಕ್‌ನ ಹತ್ತಿರದ ನೆಂಟ. ಆದರೆ ಇದರ ತೋಳಿನ ಮೂಳೆ ನುಣುಪಾಗಿದೆ. ತಳಕ್ಕೆ ಒತ್ತಿ ಮೈ ಎತ್ತುವ ಸ್ನಾಯುಗಳು ಅಂಟಿಕೊಳ್ಳಲು ಬೇಕಾದ ಏಣುಗಳೇ ಇಲ್ಲ. ದಡದ ಕಡೆ ಹೊರಟ ಕುಟುಂಬದಲ್ಲೇ ಒಂದು ಕವಲು ಮತ್ತೆ ತೆರೆದ ನೀರಿಗೆ, ಈಜಿಗೆ ತಿರುಗಿತು. ಎಲ್ಲರೂ ಒಂದೇ ಕಡೆ ಹೊರಟಿದ್ದರು ಅನ್ನುವುದು ನಾವು ಆಮೇಲೆ ಕಟ್ಟಿಕೊಂಡ ಮಾತು.

ಸೀಲಕಾಂತ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದರ ಕಥೆ ಎಲ್ಲ ಕಡೆ ಸಿಗುತ್ತದೆ. ಡೈನೋಸಾರ್‌ಗಳ ಕಾಲಕ್ಕೇ ಅಳಿದಿದೆ ಎಂದುಕೊಂಡಿದ್ದ ಮೀನು 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಮೀನುಗಾರರ ಬಲೆಗೆ ಬಿತ್ತು. ಮ್ಯೂಸಿಯಂನ ಮಾರ್ಜೋರಿ ಕೋರ್ಟ್ನಿ ಲ್ಯಾಟಿಮರ್ ಅದರ ವಿಶೇಷವನ್ನು ಗುರುತಿಸಿದರು. ಅಂದಿನಿಂದ ಅದಕ್ಕೆ ‘ಜೀವಂತ ಪಳೆಯುಳಿಕೆ’ ಅನ್ನುವ ಬಿರುದು ಅಂಟಿಕೊಂಡಿದೆ. ಬಿರುದು ನನಗೇನೋ ಹಿಡಿಸುವುದಿಲ್ಲ. ಕಲ್ಲಿನಲ್ಲಿ ಸಿಗುವ ಸೀಲಕಾಂತ್‌ಗಳೂ ಈಗಿನದೂ ಒಂದೇ ಅಲ್ಲ. ಅದೂ ಬದಲಾಗುತ್ತಾ ಬಂದಿದೆ. ತೋಳಿನಂಥ ರೆಕ್ಕೆ ಇದೆಯಲ್ಲ, ಸಮುದ್ರದ ತಳದಲ್ಲಿ ನಡೆಯುತ್ತಿರಬೇಕು ಎಂದು ಹಲವರು ಭಾವಿಸಿದ್ದರು. 1987ರಲ್ಲಿ ಜರ್ಮನಿಯ ಹಾನ್ಸ್ ಫ್ರಿಕೆ ಚಿಕ್ಕ ಜಲಾಂತರ್ಗಾಮಿಯಲ್ಲಿ ಇಳಿದು ಹೋಗಿ ನೋಡಿದರೆ ಅದು ನಡೆಯುತ್ತಿರಲಿಲ್ಲ, ಆರಾಮಾಗಿ ಈಜುತ್ತಿತ್ತು. ಈಜುವಾಗ ರೆಕ್ಕೆಗಳು ಮಾತ್ರ ಎಡ ಬಲ, ಹಿಂದೆ ಮುಂದೆ, ನಾಲ್ಕು ಕಾಲಿನ ಪ್ರಾಣಿಯ ನಡಿಗೆಯ ತಾಳದಲ್ಲೇ ಆಡುತ್ತಿದ್ದವು.

ಕಾಲನ್ನು ಬಿಟ್ಟು ಈಗ ಬಾಯಿಗೆ ಬರೋಣ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಿಕ್ಕ ಹೈಕೋಇಕ್ತಿಸ್ ಸುಮಾರು 51.8 ಕೋಟಿ ವರ್ಷ ಹಳೆಯದು. ಉದ್ದ ಎರಡೂವರೆ ಸೆಂಟಿಮೀಟರ್ ಇರಬಹುದು. ಮೀನುಗಳ ಆರಂಭದ ಕಡೆಯ ಜೀವಿ. ಅದಕ್ಕೆ ದವಡೆ ಇಲ್ಲ, ಮೂಳೆಯೂ ಇಲ್ಲ. ದವಡೆ ಬರುವುದಕ್ಕೆ ಮತ್ತೆ ಕೋಟ್ಯಂತರ ವರ್ಷ ಬೇಕಾಯಿತು. ದವಡೆ ಬಂದಾಗ ಮೀನಿನ ಮುಖ ಹೇಗಿತ್ತು? ಶಾರ್ಕ್ ಥರ ಇತ್ತು ಎಂಬ ಊಹೆ ಬಹಳ ಕಾಲ ನಡೆಯಿತು. ಶಾರ್ಕಿಗೆ ಮೂಳೆ ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೃದು ಎಲುಬು ಮಾತ್ರ. ಸರಳವಾಗಿ ಕಾಣುವುದೇ ಹಳೆಯದು ಅನ್ನುವುದು ನಮ್ಮ ಅಭ್ಯಾಸ.

2013ರಲ್ಲಿ ಅದೇ ಯುನ್ನಾನ್‌ನಿಂದ ಎಂಟೆಲೋಗ್ನಾಥಸ್ ಬಂತು. ವಯಸ್ಸು 41.9 ಕೋಟಿ ವರ್ಷ. ಮೈಗೆ ಮೂಳೆಯ ಕವಚ ತೊಟ್ಟ ಪ್ಲಾಕೋಡರ್ಮ್ ಎಂಬ ಗುಂಪಿನ ಮೀನು ಅದು. ಆ ಗುಂಪು ಸಂತತಿಯಿಲ್ಲದೆ ಅಳಿದುಹೋದ ಕವಲು ಎಂದೇ ಅನೇಕರು ಭಾವಿಸಿದ್ದರು. ಆದರೆ ಈ ಮೀನಿನ ಬಾಯಿಯ ಅಂಚಿನಲ್ಲಿ ನಮ್ಮ ಮೇಲ್ದವಡೆ, ಕೆಳದವಡೆಯಲ್ಲಿರುವ ಮೂಳೆಗಳೇ ಇದ್ದವು. ಆಮೇಲೆ 2020ರಲ್ಲಿ ಮಂಗೋಲಿಯಾದ ಇನ್ನೊಂದು ಪ್ಲಾಕೋಡರ್ಮ್ ತಲೆಬುರುಡೆಯಲ್ಲಿ, ಮೃದು ಎಲುಬಿನ ಜಾಗದಲ್ಲಿ ಬೆಳೆಯುವ ಒಳಮೂಳೆಯೂ ಕಾಣಿಸಿತು. ಅಲ್ಲಿಗೆ ಲೆಕ್ಕ ತಲೆಕೆಳಗಾಯಿತು. ಶಾರ್ಕಿನ ಹಿರಿಯರಿಗೆ ಮೂಳೆ ಇತ್ತು, ಶಾರ್ಕ್ ಅದನ್ನು ಕಳೆದುಕೊಂಡಿತು ಅನ್ನುವ ವಾದಕ್ಕೆ ಬಲ ಬಂತು. ನಾವು ಹಳೆಯ ಮಾದರಿ ಅಂದುಕೊಂಡಿದ್ದ ಪ್ರಾಣಿಯೇ ಜಾಸ್ತಿ ಬದಲಾಗಿದೆ!

ಇದೇ ಪ್ಲಾಕೋಡರ್ಮ್‌ಗಳ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಪಶ್ಚಿಮ ಆಸ್ಟ್ರೇಲಿಯಾದ ಗೋಗೋ ಎಂಬಲ್ಲಿ ಸುಣ್ಣದ ಕಲ್ಲಿನ ಉಂಡೆಗಳು ಸಿಗುತ್ತವೆ. ತೆಳು ಆಮ್ಲದಲ್ಲಿ ಇಟ್ಟರೆ ಕಲ್ಲು ಕರಗಿ, 38 ಕೋಟಿ ವರ್ಷದ ಹಿಂದಿನ ಮೂಳೆಗಳು ಚಪ್ಪಟೆಯಾಗದೆ ಹಾಗೆಯೇ ಉಳಿಯುತ್ತವೆ. ಜಾನ್ ಲಾಂಗ್ ಅವರ ತಂಡ ಹೀಗೆ ಒಂದು ಮೀನನ್ನು ಬಿಡಿಸುವಾಗ ಅದರ ಹೊಟ್ಟೆಯೊಳಗೆ ಪುಟ್ಟ ಮೂಳೆಗಳು ಕಂಡವು. ತಿಂದ ಆಹಾರವಲ್ಲ, ಮರಿ. ಪಕ್ಕದಲ್ಲೇ ಕಲ್ಲಾದ ಹೊಕ್ಕುಳಬಳ್ಳಿ. 2008ರಲ್ಲಿ ಅದಕ್ಕೆ ಮಾಟರ್‌ಪಿಸಿಸ್ ಎಂದು ಹೆಸರಿಟ್ಟರು. ಮರಿ ಹಾಕುವುದು ಸಸ್ತನಿಗಳ ದೊಡ್ಡಸ್ತಿಕೆ ಎಂದು ಹೇಳಿಕೊಳ್ಳುವವರು ಸ್ವಲ್ಪ ತಗ್ಗಬೇಕು.

ಈ ಕ್ಷಣ ನನ್ನ ಮಾತು ನಿಮಗೆ ಕೇಳುತ್ತಿದೆಯಲ್ಲ, ಅದಕ್ಕೂ ಮೀನಿಗೂ ಸಂಬಂಧ ಇದೆ. ನಮ್ಮ ಕಿವಿಯೊಳಗಿನ ರಿಕಾಪು ಮೂಳೆ ಮೀನುಗಳಲ್ಲಿ ದವಡೆಯನ್ನು ತಲೆಬುರುಡೆಗೆ ಆನಿಸಿ ಹಿಡಿಯುವ ಮೂಳೆ. ಅಕಾಂತೋಸ್ಟೆಗದಲ್ಲಿ ಅದು ಚಿಕ್ಕದಾಗಿತ್ತು, ಆದರೂ ದಪ್ಪವಾಗಿತ್ತು. ಗಾಳಿಯಲ್ಲಿ ಬರುವ ಸದ್ದಿಗೆ ಕಂಪಿಸುವಷ್ಟು ಹಗುರ ಆಗಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಬರಲೇಬೇಕು. ಅರ್ಧ ಆದ ಅಂಗದಿಂದ ಏನು ಪ್ರಯೋಜನ? ಇದನ್ನು ಡಾರ್ವಿನ್‌ಗೆ ನೇರವಾಗಿ ಕೇಳಿದ್ದು ಅವರ ಕಾಲದ ಜೀವವಿಜ್ಞಾನಿ ಸೇಂಟ್ ಜಾರ್ಜ್ ಮೈವಾರ್ಟ್, 1871ರಲ್ಲಿ. ಅವರು ಹಿಡಿದುಕೊಂಡ ಉದಾಹರಣೆ ನಂಗು ಮೀನಿನಂಥ ಚಪ್ಪಟೆ ಮೀನುಗಳು. ಈ ಮೀನುಗಳ ಎರಡೂ ಕಣ್ಣು ತಲೆಯ ಒಂದೇ ಪಕ್ಕದಲ್ಲಿವೆ. ಮರಿ ಹುಟ್ಟುವಾಗ ಪಕ್ಕಕ್ಕೊಂದು ಕಣ್ಣು, ಬೆಳೆಯುತ್ತಾ ಒಂದು ಕಣ್ಣು ಆಚೆಯಿಂದ ಈಚೆಗೆ ಬರುತ್ತದೆ. ಕಣ್ಣು ಸ್ವಲ್ಪವೇ ಸರಿದು ನಿಂತರೆ ಮೀನಿಗೆ ಏನು ಲಾಭ ಎಂದು ಮೈವಾರ್ಟ್ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಡಾರ್ವಿನ್ ತಮ್ಮ ‘ಒರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ 1872ರ ಆವೃತ್ತಿಯಲ್ಲಿ ಉತ್ತರ ಬರೆದರು, ಆದರೆ ತೋರಿಸಲು ಅವರ ಕೈಯಲ್ಲಿ ಪಳೆಯುಳಿಕೆ ಇರಲಿಲ್ಲ. ಅದನ್ನು ತೋರಿಸಿದ್ದು ಮ್ಯಾಟ್ ಫ್ರೀಡ್‌ಮನ್, 2008ರಲ್ಲಿ. ಇಟಲಿಯ ಬೋಲ್ಕಾದಲ್ಲಿ ಸಿಕ್ಕಿದ್ದ ಸುಮಾರು 5 ಕೋಟಿ ವರ್ಷ ಹಳೆಯ ಮೀನುಗಳು ಯುರೋಪಿನ ಮ್ಯೂಸಿಯಂಗಳಲ್ಲಿದ್ದವು. ಅವುಗಳ ತಲೆಬುರುಡೆಯನ್ನು ನೋಡಿದರೆ ಒಂದು ಕಣ್ಣು ಮೇಲಕ್ಕೆ ಸರಿದಿದೆ, ನೆತ್ತಿಯನ್ನು ದಾಟಿಲ್ಲ. ಇವು ಮರಿಗಳಲ್ಲ, ಪೂರ್ತಿ ಬೆಳೆದ ಮೀನುಗಳು. ಅರ್ಧ ಸರಿದ ಕಣ್ಣನ್ನೇ ಇಟ್ಟುಕೊಂಡು ಬದುಕಿದ್ದವು.

ಪಳೆಯುಳಿಕೆ ಮೀನುಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಲೂಯಿ ಅಗಾಸಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ. 1833ರಿಂದ 1843ರವರೆಗೆ ಐದು ಸಂಪುಟಗಳಲ್ಲಿ ಅವರು ಈ ಮೀನುಗಳನ್ನು ವರ್ಣಿಸಿದರು. ಇಂದಿನ ಮೀನುಗಳ ಭ್ರೂಣದಲ್ಲಿ ಬಾಲ ಮೊದಲು ಮೇಲು ಕೆಳಗೆ ಸಮ ಇರುವುದಿಲ್ಲ, ಹಳೆಯ ಬಂಡೆಯ ಮೀನುಗಳ ಬಾಲವೂ ಹಾಗೇ ಇದೆ ಎಂದು ಗುರುತಿಸಿದವರಲ್ಲಿ ಅವರೂ ಒಬ್ಬರು. ಇಷ್ಟು ಕಂಡೂ ವಿಕಾಸವಾದವನ್ನು 1873ರಲ್ಲಿ ಸಾಯುವವರೆಗೆ ಒಪ್ಪಲಿಲ್ಲ.

ಕೊನೆಯದಾಗಿ 2022ರ ಸುದ್ದಿ. ಅಲ್ಲಿಯವರೆಗೆ ದವಡೆ ಇರುವ ಮೀನಿನ ಪೂರ್ತಿ ದೇಹ 42.5 ಕೋಟಿ ವರ್ಷಕ್ಕಿಂತ ಬಹಳ ಹಿಂದಿನದು ಸಿಕ್ಕಿರಲಿಲ್ಲ. ಬಿಡಿ ಹಲ್ಲು, ಹುರುಪೆ, ಮುಳ್ಳು ಅಷ್ಟೇ. ಆ ವರ್ಷ ಚೀನಾದ ಚೊಂಗ್‌ಚಿಂಗ್‌ನ 43.6 ಕೋಟಿ ವರ್ಷದ ಬಂಡೆಗಳಿಂದ ಇಡೀ ಮೀನುಗಳು ಬಂದವು. ಶಿಯುಶಾನೋಸ್ಟಿಯಸ್ ಎಂಬುದು ಮೂರು ಸೆಂಟಿಮೀಟರ್ ಉದ್ದದ ಪ್ಲಾಕೋಡರ್ಮ್. ಅದರ ಜೊತೆ ಸಿಕ್ಕ ಶೆನಕಾಂತಸ್ ಶಾರ್ಕುಗಳ ಕಡೆಯದು, ಆದರೂ ಭುಜದ ಸುತ್ತ ಪ್ಲಾಕೋಡರ್ಮ್‌ಗಳ ಹಾಗೆ ಮೂಳೆಯ ಫಲಕಗಳಿವೆ. ಇಂಥ ಎರಡು ಬಗೆಯ ಮೀನು ಅಷ್ಟು ಹೊತ್ತಿಗೇ ಬೇರೆಬೇರೆಯಾಗಿ ಈಜಾಡುತ್ತಿದ್ದವು ಅಂದರೆ, ಮೊದಲ ದವಡೆ ಅದಕ್ಕಿಂತ ಎಷ್ಟೋ ಹಿಂದಿನದು. ಅದು ಸಿಗಬೇಕಾದರೆ ಇನ್ನೂ ಕೆಳಗಿನ ಬಂಡೆಗಳನ್ನು ಬಿಡಿಸಬೇಕು.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.